ಲೀಟರಿಗೆ 18 ಮೀಟರ್: ಇಂಜಿನ್ ರೂಮಿನಲ್ಲಿ ಕಲಿತ ಪಾಠಗಳು

ರಜೆಗೆ ಊರಿಗೆ ಬಂದಾಗಲೆಲ್ಲ ಆನಂದಪುರದ ಬಸ್‌ಸ್ಟ್ಯಾಂಡ್ ಹೋಟೆಲಿನಲ್ಲಿ ಒಂದು ಪ್ರಶ್ನೆ ತಪ್ಪುತ್ತಿರಲಿಲ್ಲ. "ನಿನ್ನ ಹಡಗು ಲೀಟರಿಗೆ ಎಷ್ಟು ಕೊಡ್ತದೆ ಮಾರಾಯ?" ಬೈಕು, ಜೀಪು, ಟ್ರ್ಯಾಕ್ಟರುಗಳನ್ನೆಲ್ಲ ಮೈಲೇಜಿನಲ್ಲೇ ತೂಗುವ ಊರಿನಲ್ಲಿ ಇದು ನ್ಯಾಯವಾದ ಪ್ರಶ್ನೆ. ನಾನು ಲೆಕ್ಕ ಮಾಡಿಯೇ ಉತ್ತರ ಹೇಳುತ್ತಿದ್ದೆ: ಸುಮಾರು 18 ಮೀಟರ್. 70,000 ಟನ್ ಕಲ್ಲಿದ್ದಲು ಹೊತ್ತ ಹಡಗು 14 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ 26 ಕಿ.ಮೀ.ಯಂತೆ ಹೋದರೆ ದಿನಕ್ಕೆ 33 ಟನ್ನಿನಷ್ಟು ಕಪ್ಪು ಎಣ್ಣೆ ಕುಡಿಯುತ್ತದೆ. ಕೇಳಿದವರಿಗೆ ಗಾಬರಿ. ಆದರೆ ಅದೇ ಒಂದು ಲೀಟರ್ ಎಣ್ಣೆ ಒಂದು ಟನ್ ಸರಕನ್ನು 1,200 ಕಿ.ಮೀ.ಗೂ ಹೆಚ್ಚು ದೂರ ಒಯ್ದಿರುತ್ತದೆ. 20 ಟನ್ ಹೇರಿಕೊಂಡು ಲೀಟರಿಗೆ ನಾಲ್ಕು ಕಿ.ಮೀ. ಕೊಡುವ ಲಾರಿಯಲ್ಲಿ ಈ ಲೆಕ್ಕ 80 ಕಿ.ಮೀ. ದಾಟುವುದಿಲ್ಲ.

ಆ 18 ಮೀಟರನ್ನು 20, 22 ಮಾಡುವುದೇ ನನ್ನ ಇಪ್ಪತ್ತೇಳು ವರ್ಷಗಳ ಕೆಲಸವಾಗಿತ್ತು. ಕಿರಿಯ ಇಂಜಿನಿಯರ್ ಆಗಿ ಇಂಜಿನ್ ರೂಮಿಗೆ ಇಳಿದವನು ಚೀಫ್ ಆಗಿ ಮೇಲೆ ಬಂದೆ. ಈ ನಡುವೆ ಕಲಿತದ್ದರಲ್ಲಿ ಕೆಲವನ್ನು ಇಲ್ಲಿ ಬರೆಯುತ್ತಿದ್ದೇನೆ.

1. ವೇಗ ಇಳಿಸಿದಷ್ಟು ಉಳಿತಾಯ ಯಾವ ಹೊಸ ಯಂತ್ರದಿಂದಲೂ ಆಗದು.

ಹಡಗಿನ ವೇಗಕ್ಕೂ ಅದಕ್ಕೆ ಬೇಕಾದ ಶಕ್ತಿಗೂ ಇರುವ ಸಂಬಂಧ ಘನದ್ದು, ಅಂದರೆ ಶಕ್ತಿ ಸುಮಾರಾಗಿ ವೇಗದ ಮೂರನೇ ಘಾತದಂತೆ ಏರುತ್ತದೆ. ವೇಗವನ್ನು ನೂರಕ್ಕೆ ಹತ್ತು ಇಳಿಸಿದರೆ ಇಂಜಿನ್ ಕೊಡಬೇಕಾದ ಶಕ್ತಿ ನೂರಕ್ಕೆ 27ರಷ್ಟು ಇಳಿಯುತ್ತದೆ. ದಾರಿಯಲ್ಲಿ ಒಂದೆರಡು ದಿನ ಹೆಚ್ಚು ಹಿಡಿದರೂ ಇಡೀ ಯಾನಕ್ಕೆ ನೂರಕ್ಕೆ 19ರಷ್ಟು ಎಣ್ಣೆ ಉಳಿದೇ ಉಳಿಯುತ್ತದೆ. 2008ರ ಆರ್ಥಿಕ ಕುಸಿತದಲ್ಲಿ ಬಾಡಿಗೆ ನೆಲಕಚ್ಚಿದಾಗ ಕಂಪನಿಗಳಿಗೆ ಈ ಲೆಕ್ಕ ನೆನಪಾಯಿತು. 24, 25 ನಾಟ್ ಓಡುತ್ತಿದ್ದ ಕಂಟೇನರ್ ಹಡಗುಗಳು 18ಕ್ಕೆ ಇಳಿದವು.

ನನಗೆ ಈ ಪಾಠ ಸಮುದ್ರ ನೋಡುವುದಕ್ಕೆ ಮೊದಲೇ ಸಿಕ್ಕಿತ್ತು. ಶರಾವತಿ ಹಿನ್ನೀರಿನ ಅಂಬಾರಗೋಡ್ಲು–ಕಳಸವಳ್ಳಿ ಲಾಂಚಿನಲ್ಲಿ ಸಿಗಂದೂರಿಗೆ ಹೋಗುವಾಗ ನಾನು ಇಂಜಿನ್ ಪಕ್ಕವೇ ನಿಲ್ಲುತ್ತಿದ್ದೆ. ದಡ ಇನ್ನೂ ದೂರ ಇರುವಾಗಲೇ ಚಾಲಕರು ಇಂಜಿನ್ ಇಳಿಸಿಬಿಡುತ್ತಿದ್ದರು. ಬಸ್ಸು, ಜೀಪು, ಜನ ಹೊತ್ತ ಆ ಭಾರವೇ ಲಾಂಚನ್ನು ತೇಲಿಸಿಕೊಂಡು ಹೋಗಿ ದಡಕ್ಕೆ ಮುಟ್ಟಿಸುತ್ತಿತ್ತು. ಕಡೆಯವರೆಗೂ ಓಡಿಸಿ ಆಮೇಲೆ ಹಿಂದಕ್ಕೆ ತಿರುಗಿಸಿ ನಿಲ್ಲಿಸಿದರೆ ಎರಡು ಸಲ ಡೀಸೆಲ್ ಸುಟ್ಟ ಹಾಗೆ ಎಂದು ಅವರು ಹೇಳಿದ್ದನ್ನು ನಾನು ಮರೆತಿಲ್ಲ.

2. ಓಡಿ ಹೋಗಿ ಕಾಯುವುದಕ್ಕಿಂತ ದೊಡ್ಡ ನಷ್ಟವಿಲ್ಲ.

ಶಿವಮೊಗ್ಗ–ಸಾಗರ ದಾರಿಯ ಖಾಸಗಿ ಬಸ್ಸುಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಒಂದನ್ನೊಂದು ಹಿಂದೆ ಹಾಕಿ ಬರುತ್ತವೆ, ಆನಂದಪುರದಲ್ಲಿ 'ಟೈಮ್ ಆಗಿಲ್ಲ' ಎಂದು ನಿಂತಿರುತ್ತವೆ. ಹಡಗುಗಳೂ ನೂರಾರು ವರ್ಷ ಇದನ್ನೇ ಮಾಡಿವೆ. ಬಾಡಿಗೆ ಕರಾರಿನಲ್ಲಿ 'ತಡಮಾಡದೆ ತಲುಪಬೇಕು' ಎಂಬ ಷರತ್ತು ಇರುತ್ತದೆ. ಬಂದು ಸೇರಿದೆ ಎಂದು ನೋಟಿಸ್ ಕೊಟ್ಟ ಮೇಲೆಯೇ ಕಾಯುವ ಸಮಯದ ಲೆಕ್ಕ ಶುರು. ಹೀಗಾಗಿ ಬಂದರಿನಲ್ಲಿ ಜಾಗ ಇಲ್ಲವೆಂದು ಗೊತ್ತಿದ್ದರೂ ಪೂರ್ತಿ ವೇಗದಲ್ಲಿ ಹೋಗಿ ಹೊರಗೆ ಲಂಗರು ಹಾಕುತ್ತಿದ್ದೆವು. ಒಮ್ಮೆ ಹಿಂದೂ ಮಹಾಸಾಗರವನ್ನು ಒಂದೇ ಉಸಿರಿಗೆ ದಾಟಿ ಬಂದು ಹನ್ನೊಂದು ದಿನ ಸುಮ್ಮನೆ ನಿಂತೆವು. ಎರಡು ನಾಟ್ ಕಡಿಮೆ ಓಡಿದ್ದರೂ ನಮ್ಮ ಸರದಿ ತಪ್ಪುತ್ತಿರಲಿಲ್ಲ.

ಈಗ ಉಪಗ್ರಹ ಸಂಪರ್ಕ ಅಗ್ಗವಾಗಿದೆ. ಜೆಟ್ಟಿ ಎಂದು ಖಾಲಿಯಾಗುತ್ತದೆಂದು ಬಂದರಿನವರು ಮುಂಚೆಯೇ ತಿಳಿಸಬಹುದು, ಹವಾಮಾನ ನೋಡಿ ದಾರಿ ಬದಲಿಸಬಹುದು, ತಲುಪುವ ಹೊತ್ತಿಗೆ ಸರಿಯಾಗಿ ವೇಗ ಇಡಬಹುದು. ತಂತ್ರಜ್ಞಾನ ಸಿದ್ಧವಿದೆ. ಅಡ್ಡ ನಿಂತಿರುವುದು ಹಳೆಯ ಕರಾರು. ಹಡಗಿನ ಮಾಲೀಕ, ಬಾಡಿಗೆದಾರ, ಬಂದರು ಮೂವರೂ ಉಳಿತಾಯ ಹಂಚಿಕೊಳ್ಳಲು ಒಪ್ಪಿದ ಕಡೆಯಷ್ಟೇ ಇದು ನಡೆಯುತ್ತಿದೆ.

3. ಒಂದು ಕಡೆ ಉಳಿಸಿದ್ದು ಇನ್ನೊಂದು ಕಡೆ ಹೊತ್ತಿಕೊಳ್ಳಬಾರದು.

ನಿಧಾನ ಓಡಿಸುವುದಕ್ಕೂ ಒಂದು ಬೆಲೆ ಇದೆ. ಆ ಕಾಲದ ಇಂಜಿನ್‌ಗಳು ತಮ್ಮ ಪೂರ್ತಿ ಶಕ್ತಿಯ ಮುಕ್ಕಾಲು ಹೊರೆಗಿಂತ (ಲೋಡ್) ಮೇಲೆ ಓಡಲೆಂದು ಮಾಡಿದವು. ನಾನಿದ್ದ ಒಂದು ಹಡಗಿಗೆ ಆಫೀಸಿನಿಂದ ಆದೇಶ ಬಂತು: ಮೂರನೇ ಒಂದು ಹೊರೆಗೆ ಇಳಿಸಿ, ಅಲ್ಲೇ ಇರಲಿ. ಹೊರೆ ಇಳಿದರೆ ಎಣ್ಣೆ ಸರಿಯಾಗಿ ಉರಿಯುವುದಿಲ್ಲ, ಮಸಿ ಕಟ್ಟುತ್ತದೆ. ಹೊಗೆಯ ಶಾಖದಿಂದ ಹಬೆ ಮಾಡುವ ಬಾಯ್ಲರ್ ಚಿಮಣಿಯ ಕೆಳಗಿರುತ್ತದೆ. ಅದರ ಕೊಳವೆಗಳ ಮೇಲೆ ವಾರಗಟ್ಟಲೆ ಮಸಿ ಕೂತಿತು. ಬಂದರಿಗೆ ಬಂದು ಇಂಜಿನ್ ನಿಲ್ಲಿಸಿದ ಅರ್ಧ ಗಂಟೆಗೆ ಚಿಮಣಿಯ ತಗಡಿನ ಬಣ್ಣ ಗುಳ್ಳೆ ಎದ್ದಿತು. ಕೈ ಹತ್ತಿರ ಒಯ್ಯಲಾಗದ ಕಾವು. ಒಳಗೆ ಮಸಿಗೆ ಬೆಂಕಿ ಬಿದ್ದಿತ್ತು. ಕೊಳವೆಯೊಳಗೆ ನೀರು ಹರಿಸುವ ಪಂಪನ್ನು ನಿಲ್ಲಿಸದೆ, ಗಾಳಿಯ ದಾರಿ ಮುಚ್ಚಿ, ಹೊರಗಿನ ತಗಡಿಗೆ ನೀರು ಹೊಡೆಯುತ್ತ ಬೆಳಗಿನ ತನಕ ನಿಂತೆವು. ಪಂಪು ಕೈಕೊಟ್ಟಿದ್ದರೆ ಕಬ್ಬಿಣದ ಕೊಳವೆಗಳೇ ಉರಿದುಹೋಗುತ್ತಿದ್ದವು.

ಆ ಮೇಲೆ ನಾನು ಚೀಫ್ ಆದ ಪ್ರತಿ ಹಡಗಿನಲ್ಲೂ ಒಂದು ನಿಯಮ ಇಟ್ಟೆ. ಎಷ್ಟೇ ನಿಧಾನ ಓಡಿಸಲಿ, ದಿನಕ್ಕೊಮ್ಮೆ ಒಂದು ಗಂಟೆ ಹೊರೆ ಏರಿಸಬೇಕು, ಮಸಿ ಊದಿ ತೆಗೆಯಬೇಕು, ಬಂದರಿನಲ್ಲಿ ಬಾಯ್ಲರ್ ಬಾಗಿಲು ತೆಗೆದು ಟಾರ್ಚ್ ಹಾಕಿ ನೋಡಬೇಕು. ಆ ಒಂದು ಗಂಟೆಯ ಎಣ್ಣೆಗಾಗಿ ಆಫೀಸಿನವರು ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಬರೆದಿದ್ದೇನೆ.

4. ಹಡಗಿನ ತಳ ತೊಳೆಯಿರಿ.

ನಮ್ಮೂರಿನ ಚಂಪಕ ಸರಸ್ಸಿನ ಮೆಟ್ಟಿಲಿಗೆ ಪಾಚಿ ಕಟ್ಟಿದರೆ ಕಾಲು ಜಾರುತ್ತದೆ. ಹಡಗಿನ ತಳಕ್ಕೆ ಪಾಚಿ ಕಟ್ಟಿದರೆ ಜಾರುವುದಿಲ್ಲ, ನೀರೇ ಹಿಡಿದು ಎಳೆಯುತ್ತದೆ. ಬಿಸಿ ನೀರಿನ ಬಂದರುಗಳ ಹೊರಗೆ ಒಂದು ತಿಂಗಳು ನಿಂತರೆ ಸಾಕು, ಮೊದಲು ಲೋಳೆ, ಆಮೇಲೆ ಪಾಚಿ, ಕಡೆಗೆ ಬಾರ್ನಕಲ್ ಎಂಬ ಸುಣ್ಣದ ಚಿಪ್ಪಿನ ಜೀವಿ. ಪಶ್ಚಿಮ ಕರಾವಳಿಯಲ್ಲಿ ಹೀಗೆ ನಿಂತು ಹೊರಟಾಗ ಅಷ್ಟೇ ಎಣ್ಣೆಗೆ ಒಂದೂವರೆ ನಾಟ್ ವೇಗ ಕಳೆದುಕೊಂಡದ್ದನ್ನು ನಾನೇ ಲಾಗ್‌ಬುಕ್‌ನಲ್ಲಿ ಬರೆದಿದ್ದೇನೆ. ಈಗ ಸಿಲಿಕೋನ್ ಬಣ್ಣ ಬಂದಿದೆ, ಅದರ ಮೇಲೆ ಜೀವಿಗಳಿಗೆ ಹಿಡಿತ ಸಿಗುವುದಿಲ್ಲ. ತಳದ ಕೆಳಗೆ ಗಾಳಿಗುಳ್ಳೆಗಳ ಪರದೆ ಬಿಡುವ ವ್ಯವಸ್ಥೆಯೂ ಬಂದಿದೆ. ಎರಡೂ ಒಳ್ಳೆಯವೇ. ಆದರೆ ಮುಳುಗುಗಾರರನ್ನು ಇಳಿಸಿ ಪ್ರೊಪೆಲರ್ ಉಜ್ಜಿಸಿದರೆ ಆ ಖರ್ಚು ಬೇಗನೆ ಎಣ್ಣೆಯಲ್ಲಿ ವಾಪಸ್ ಬರುತ್ತದೆ. ಕೈಯಲ್ಲಿ ಹಣ ಕಡಿಮೆ ಇರುವ ಮಾಲೀಕರಿಗೆ ನಾನು ಮೊದಲು ಹೇಳುವುದು ಇದನ್ನೇ.

5. ಅಳತೆ ಪ್ರಾಮಾಣಿಕವಾಗಿರಬೇಕು, ಮೊದಲು ನಮ್ಮದು.

ಎಣ್ಣೆ ತುಂಬಿಸುವುದನ್ನು ನಾವು ಬಂಕರಿಂಗ್ ಎನ್ನುತ್ತೇವೆ. ಒಂದು ರಾತ್ರಿ ಬಂಕರ್ ದೋಣಿಯ ಕೊಳವೆ ಗಂಟಲು ಕಟ್ಟಿದವರ ಹಾಗೆ ಗೊರಗೊರ ಎನ್ನುತ್ತಿತ್ತು, ನಡುನಡುವೆ ಜಗ್ಗುತ್ತಿತ್ತು. ಟ್ಯಾಂಕಿಗೆ ಸೌಂಡಿಂಗ್ ಟೇಪ್ ಇಳಿಸಿದೆ. ತುದಿಯ ಹಿತ್ತಾಳೆ ಗುಂಡು ಮೇಲೆ ಬಂದಾಗ ಟೇಪಿಗೆ ಮೆತ್ತಿದ ಕಪ್ಪು ಎಣ್ಣೆಯಲ್ಲಿ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು. ಎಣ್ಣೆಗೆ ಗಾಳಿ ಊದಿ ನೊರೆ ಎಬ್ಬಿಸಿ ಕೊಡುವ ಮೋಸ ಅದು. ನಮ್ಮಲ್ಲಿ ಅದಕ್ಕೆ ಕ್ಯಾಪುಚಿನೊ ಎಂದೇ ಹೆಸರು. ರಸೀದಿಗೆ ಸಹಿ ಹಾಕದೆ ಕಾದೆ. ನೊರೆ ಇಳಿಯುತ್ತ ಮಟ್ಟವೂ ಇಳಿಯಿತು. ಪ್ರತಿಭಟನಾ ಪತ್ರ ಬರೆದ ಮೇಲೆಯೇ ಕೊಳವೆ ಬಿಚ್ಚಿಸಿದೆ. ಸಿಂಗಪುರದಲ್ಲಿ 2017ರಿಂದ ಎಣ್ಣೆಯ ತೂಕವನ್ನೇ ಅಳೆಯುವ ಮಾಸ್ ಫ್ಲೋ ಮೀಟರ್ ಕಡ್ಡಾಯವಾಯಿತು. ನನ್ನ ಕಾಲದಲ್ಲಿ ಬಂದ ಉಪಕರಣಗಳಲ್ಲಿ ನಾನು ಅತಿ ಹೆಚ್ಚು ಗೌರವಿಸುವುದು ಇದನ್ನು.

ಮೋಸ ಹೊರಗಿನವರದಷ್ಟೇ ಅಲ್ಲ. ದಿನಾ ಮಧ್ಯಾಹ್ನ ಆಫೀಸಿಗೆ ಹೋಗುವ ನೂನ್ ರಿಪೋರ್ಟಿನಲ್ಲಿ ಸ್ವಲ್ಪ ಹೆಚ್ಚು ಖರ್ಚು ತೋರಿಸಿ ಆಪತ್ತಿಗೆಂದು ಎಣ್ಣೆ ಬಚ್ಚಿಡುವುದು ಹಳೆಯ ಚೀಫ್‌ಗಳ ರೂಢಿ. ನಾನೂ ಆರಂಭದಲ್ಲಿ ಹಾಗೆ ಮಾಡಿದ್ದೇನೆ, ಅದು ತಪ್ಪು. 2023ರಲ್ಲಿ ಜಾರಿಗೆ ಬಂದ ನಿಯಮದಂತೆ ಪ್ರತಿ ದೊಡ್ಡ ಹಡಗಿಗೂ ವರ್ಷಕ್ಕೊಮ್ಮೆ 'ಎ'ಯಿಂದ 'ಇ'ವರೆಗೆ ಇಂಗಾಲದ ದರ್ಜೆ ಸಿಗುತ್ತದೆ. ಬಚ್ಚಿಟ್ಟ ಎಣ್ಣೆ ಈಗ ಹಡಗಿನ ದರ್ಜೆಯನ್ನೇ ಕೆಡಿಸುತ್ತದೆ. ತಪ್ಪು ಅಂಕಿಯ ಮೇಲೆ ಯಾವ ಕಂಪ್ಯೂಟರೂ ಸರಿಯಾದ ಸಲಹೆ ಕೊಡದು.

6. ಪರದೆ ನೋಡಿ, ಆಮೇಲೆ ಕೈಯಿಟ್ಟೂ ನೋಡಿ.

ಹೊಸ ಇಂಜಿನ್‌ಗಳಲ್ಲಿ ಕ್ಯಾಮ್‌ಶಾಫ್ಟ್ ಇಲ್ಲ. ಯಾವ ಸಿಲಿಂಡರಿಗೆ ಯಾವ ಗಳಿಗೆಯಲ್ಲಿ ಎಷ್ಟು ಎಣ್ಣೆ ಎಂಬುದನ್ನು ಕಂಪ್ಯೂಟರ್ ನಿರ್ಧರಿಸುತ್ತದೆ, ಅದರಿಂದ ಉಳಿತಾಯ ನಿಜ. ಆದರೆ ಪರದೆ ತೋರಿಸಿದ್ದೆಲ್ಲ ನಿಜವಲ್ಲ. ಒಮ್ಮೆ ಒಂದು ಸಿಲಿಂಡರಿನ ಹೊಗೆಯ ಶಾಖ 40 ಡಿಗ್ರಿ ಹೆಚ್ಚು ತೋರಿಸುತ್ತಿತ್ತು. ಹುಡುಗರು ಎರಡು ಸಲ ಎಣ್ಣೆಯ ವಾಲ್ವ್ ಬದಲಿಸಿದರು. ಕೆಟ್ಟಿದ್ದು ಶಾಖ ಅಳೆಯುವ ಸೆನ್ಸರ್. ಪಕ್ಕದ ಸಿಲಿಂಡರಿನ ಸೆನ್ಸರ್ ತಂದು ಇಲ್ಲಿ ಹಾಕಿ ನೋಡಿದ್ದರೆ ಹತ್ತು ನಿಮಿಷದ ಕೆಲಸವಾಗಿತ್ತು.

7. ಗಾಳಿಯನ್ನು ಹಳೆಯದೆಂದು ತಳ್ಳಬೇಡಿ.

ಕೆಳದಿ ಅರಸರ ಕಾಲದಲ್ಲಿ ನಮ್ಮ ಸೀಮೆಯ ಕಾಳುಮೆಣಸು ಹೇರೆತ್ತಿನ ಮೇಲೆ ಘಟ್ಟ ಇಳಿದು, ಹೊನ್ನಾವರ, ಬಸರೂರಿನಲ್ಲಿ ಹಾಯಿ ಹಡಗು ಹತ್ತುತ್ತಿತ್ತು. ಆ ಗಾಳಿ ಈಗ ಮರಳಿ ಬರುತ್ತಿದೆ. 2023ರಲ್ಲಿ ಪಿಕ್ಸಿಸ್ ಓಶನ್ ಎಂಬ ಸರಕು ಹಡಗಿಗೆ 37.5 ಮೀಟರ್ ಎತ್ತರದ ಎರಡು ಗಟ್ಟಿ ಹಾಯಿಗಳನ್ನು ಕೂರಿಸಿದರು. ಮೊದಲ ಆರು ತಿಂಗಳಲ್ಲಿ ದಿನಕ್ಕೆ ಸರಾಸರಿ ಮೂರು ಟನ್ ಎಣ್ಣೆ ಉಳಿಯಿತೆಂದು ವರದಿ ಬಂತು. ಮೇಲೆ ಹೇಳಿದ 33 ಟನ್ನಿಗೆ ಹೋಲಿಸಿ ನೋಡಿ, ಅದು ಸಣ್ಣ ಮಾತಲ್ಲ.

8. ಹೊಸ ಇಂಧನಗಳ ವಿಷಯದಲ್ಲಿ ಟ್ಯಾಂಕಿನ ಲೆಕ್ಕ ಕೇಳಿ.

ಮೆಥನಾಲ್ ಕಿಲೋಗೆ ಕೊಡುವ ಶಕ್ತಿ ಎಣ್ಣೆಯ ಅರ್ಧಕ್ಕೂ ಕಡಿಮೆ. ಅಷ್ಟೇ ದೂರ ಹೋಗಲು ಎರಡು ಪಟ್ಟಿಗಿಂತ ದೊಡ್ಡ ಟ್ಯಾಂಕು ಬೇಕು, ಅಷ್ಟು ಸರಕಿನ ಜಾಗ ಹೋಯಿತು. ಯಾವ ಇಂಧನ ಬಂದರೂ ಮೊದಲ ನಾಲ್ಕು ಪಾಠಗಳು ಬದಲಾಗುವುದಿಲ್ಲ. ದುಬಾರಿ ಇಂಧನಕ್ಕೆ ಅವು ಇನ್ನೂ ಹೆಚ್ಚು ಬೇಕು.

9. ನಿದ್ದೆಯನ್ನು ಕಡಿತ ಮಾಡಬೇಡಿ.

ನಿಯಮದ ಪ್ರಕಾರ ನಾವಿಕನಿಗೆ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ ವಿಶ್ರಾಂತಿ ಸಿಗಬೇಕು. ಯಂತ್ರ ಸುಧಾರಿಸಿತೆಂದು ಜನರನ್ನು ಕಡಿಮೆ ಮಾಡಿದ ಹಡಗುಗಳಲ್ಲಿ ಈ ಲೆಕ್ಕ ಕಾಗದದ ಮೇಲೆ ಮಾತ್ರ ತುಂಬುವುದನ್ನು ಕಂಡಿದ್ದೇನೆ. ನಿದ್ದೆಗೆಟ್ಟವನು ವಾಲ್ವ್ ತಪ್ಪಿ ತಿರುಗಿಸಿದರೆ ವರ್ಷದ ಉಳಿತಾಯ ಒಂದು ರಾತ್ರಿಗೆ ಹೋಗುತ್ತದೆ.

10. ಇಷ್ಟೂ ಪಾಠ ನಮ್ಮ ಹಿನ್ನೀರಿಗೂ ಸಲ್ಲುತ್ತದೆ.

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ದಶಕಗಳ ಕಾಲ ರಾತ್ರಿ ಹೆರಿಗೆ ನೋವು ಬಂದರೆ ಲಾಂಚಿಗಾಗಿ ಕಾದ ಆಚೆ ದಡದ ಜನರಿಗೆ ಅದು ನ್ಯಾಯವಾಗಿ ಸಿಗಬೇಕಾಗಿದ್ದದ್ದು. ಆದರೆ ಲಿಂಗನಮಕ್ಕಿ ಅಣೆಕಟ್ಟಿನ ಈ ಹಿನ್ನೀರು ಎಲ್ಲ ಕಡೆ ಸೇತುವೆ ಕಟ್ಟುವಷ್ಟು ಕಿರಿದಾಗಿಲ್ಲ. ದೋಣಿ, ಲಾಂಚನ್ನೇ ನಂಬಿದ ಊರುಗಳು ಹಿನ್ನೀರಿನ ಅಂಚಿನಲ್ಲಿ ಇನ್ನೂ ಇವೆ. ಅವುಗಳಿಗೊಂದು ಮಾದರಿ ಇದೆ: ಪಕ್ಕದ ಕೇರಳದ ವೈಕಂನಲ್ಲಿ 'ಆದಿತ್ಯ' ಎಂಬ 75 ಜನರ ಸೌರ ದೋಣಿ 2017ರ ಜನವರಿಯಿಂದ ಜನರನ್ನು ದಾಟಿಸುತ್ತಿದೆ. ಅಲ್ಲಿಯ ಸರ್ಕಾರಿ ಜಲಸಾರಿಗೆ ಇಲಾಖೆಯೇ ಅದನ್ನು ನಡೆಸುತ್ತಿದೆ. ನಮ್ಮ ಮಳೆಗಾಲಕ್ಕೆ ಚಾರ್ಜಿಂಗ್ ವ್ಯವಸ್ಥೆ ಬೇಕಾಗುತ್ತದೆ, ಆದರೆ ರಾಜ್ಯಕ್ಕೆ ಬೆಳಕು ಕೊಟ್ಟ ಶರಾವತಿಯ ದಡದಲ್ಲಿ ಒಂದು ದೋಣಿಗೆ ವಿದ್ಯುತ್ ಒದಗಿಸುವುದು ಕಷ್ಟವಾಗಬಾರದು. ನಮ್ಮ ಒಳನಾಡು ಜಲಸಾರಿಗೆಯವರು, ಸಾಗರ ಮತ್ತು ಹೊಸನಗರದ ಪಂಚಾಯಿತಿಯವರು ಒಮ್ಮೆ ವೈಕಂಗೆ ಹೋಗಿ ಅದರಲ್ಲಿ ಕೂತು ಬರಲಿ. ಲೆಕ್ಕ ಹಾಕಲು ಇಂಜಿನ್ ರೂಮಿನ ಜ್ಞಾನ ಬೇಕಾದರೆ ನಾನು ಆನಂದಪುರದಲ್ಲೇ ಇದ್ದೇನೆ, ಕರೆದರೆ ಬರುತ್ತೇನೆ.