ಕಿರುಚಿತ್ರದ ಸಂಕಲನ

ಚಲನಚಿತ್ರವೆಂದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವುದು ನಟನಟಿಯರ ಮುಖ. ಸ್ವಲ್ಪ ತಿಳಿದವರಾದರೆ ನಿರ್ದೇಶಕರ ಹೆಸರನ್ನು ಹೇಳಿಯಾರು, ಛಾಯಾಗ್ರಾಹಕರನ್ನು ಹೊಗಳಿಯಾರು. ಕತ್ತಲ ಕೋಣೆಯೊಂದರಲ್ಲಿ ಕುಳಿತು, ತುಂಡುತುಂಡಾಗಿ ಬಂದ ದೃಶ್ಯಗಳನ್ನು ಅಳೆದು, ಕತ್ತರಿಸಿ, ಜೋಡಿಸುವ ಸಂಕಲನಕಾರನನ್ನು ನೆನೆಯುವವರು ವಿರಳ. ಆತನ ಕೆಲಸ ಚೆನ್ನಾದಷ್ಟೂ ಕಣ್ಣಿಗೆ ಬೀಳದು. ಒಳ್ಳೆಯ ದರ್ಜಿ ಹೊಲಿದ ಅಂಗಿಯಲ್ಲಿ ಹೊಲಿಗೆಯನ್ನು ಯಾರು ಹುಡುಕುತ್ತಾರೆ? ಈ ವರ್ಷ ನಮ್ಮ ಶಾಲೆಯ ಮೇಲಿನ ತರಗತಿಗಳ ಕೆಲವು ವಿದ್ಯಾರ್ಥಿಗಳು ಎಂಟು ನಿಮಿಷಗಳ ಮಿತಿಯಲ್ಲಿ ಒಂದು ಕಿರುಚಿತ್ರವನ್ನು ತಯಾರಿಸಿದರು. ಆ ಸಂದರ್ಭದಲ್ಲಿ ಕಂಡುದನ್ನೂ, ಅದಕ್ಕೆ ಹಿನ್ನೆಲೆಯಾಗಿ ತಿಳಿದಿರಬೇಕಾದುದನ್ನೂ ಕಿರಿಯ ಅಭ್ಯಾಸಿಗಳ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತೇನೆ.

ಮೊದಮೊದಲು ಸಂಕಲನವೆಂಬುದೇ ಇರಲಿಲ್ಲ. 1895ರ ಡಿಸೆಂಬರ್ 28ರಂದು ಪ್ಯಾರಿಸಿನಲ್ಲಿ ಲ್ಯೂಮಿಯೇರ್ ಸಹೋದರರು ತೋರಿಸಿದ ಚಿತ್ರಗಳಲ್ಲಿ ಪ್ರತಿಯೊಂದೂ ಸುಮಾರು 17 ಮೀಟರ್ ಉದ್ದದ ಒಂದೇ ಸುರುಳಿ. ಒಂದು ನಿಮಿಷಕ್ಕೂ ಕಡಮೆ. ಕಾರ್ಖಾನೆಯ ಬಾಗಿಲು ತೆರೆಯುತ್ತದೆ, ಕೆಲಸಗಾರರು ಹೊರಬರುತ್ತಾರೆ, ಸುರುಳಿ ಮುಗಿಯುತ್ತದೆ. 1896ರ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ನಮ್ಮ ದೇಶದವರು ಕಂಡುದೂ ಇಂಥವನ್ನೇ. ಒಂದು ದೃಶ್ಯದ ಪಕ್ಕದಲ್ಲಿ ಮತ್ತೊಂದನ್ನು ಇಟ್ಟರೆ, ಎರಡರಲ್ಲಿಯೂ ಇಲ್ಲದ ಮೂರನೆಯದೊಂದು ಅರ್ಥ ಹುಟ್ಟುತ್ತದೆಂಬುದು ಅನಂತರ ಗೊತ್ತಾದ ಸಂಗತಿ.

ಇದನ್ನು ಪರೀಕ್ಷೆ ಮಾಡಿ ನೋಡಿದವರಲ್ಲಿ ಪ್ರಸಿದ್ಧರಾದವರು ರಷ್ಯದ ಲೆವ್ ಕುಲೆಶೊವ್. 1919ರಲ್ಲಿ ಮಾಸ್ಕೋದಲ್ಲಿ ಚಲನಚಿತ್ರದ ಶಾಲೆಯೊಂದು ಆರಂಭವಾದಾಗ ಅಲ್ಲಿ ಫಿಲ್ಮಿಗೆ ಬಹಳ ಬರ. ಇದ್ದ ಹಳೆಯ ಚಿತ್ರಗಳನ್ನೇ ಕತ್ತರಿಸಿ ಜೋಡಿಸುತ್ತ ಕಲಿಯಬೇಕಾಗಿತ್ತು. ಕುಲೆಶೊವ್ ಮೊಝುಖಿನ್ ಎಂಬ ನಟನ ನಿರ್ವಿಕಾರವಾದ ಒಂದೇ ಮುಖದ ದೃಶ್ಯವನ್ನು ಮೂರು ಬೇರೆ ಬೇರೆ ದೃಶ್ಯಗಳೊಡನೆ ಜೋಡಿಸಿದರು. ಅವರೊಡನಿದ್ದ ಪುಡೋವ್ಕಿನ್ ಹೇಳುವಂತೆ, ಒಂದರಲ್ಲಿ ಸಾರಿನ ತಟ್ಟೆ, ಇನ್ನೊಂದರಲ್ಲಿ ಶವಪೆಟ್ಟಿಗೆಯಲ್ಲಿ ಮಲಗಿದ ಹೆಂಗಸು, ಮತ್ತೊಂದರಲ್ಲಿ ಆಟಿಕೆಯೊಡನೆ ಆಡುತ್ತಿರುವ ಮಗು. ನೋಡಿದವರು ನಟನ ಹಸಿವನ್ನೂ ದುಃಖವನ್ನೂ ಸಂತೋಷವನ್ನೂ ಕೊಂಡಾಡಿದರಂತೆ! ಮುಖವಾದರೋ ಮೂರು ಕಡೆಯೂ ಒಂದೇ. ಸಂಕಲನಕಾರನ ಶಕ್ತಿಯನ್ನು ತೋರಿಸಲು ಎಲ್ಲ ಪಾಠಗಳಲ್ಲಿಯೂ ಈ ಪ್ರಯೋಗವನ್ನು ಹೇಳುತ್ತಾರೆ. ಅದು ಎಚ್ಚರಿಕೆಯೂ ಹೌದೆಂಬುದು ನನ್ನ ಅಭಿಪ್ರಾಯ. ಕಾರಣವನ್ನು ಮುಂದೆ ಹೇಳುತ್ತೇನೆ.

ವಿದ್ಯಾರ್ಥಿಗಳ ಚಿತ್ರವೆಂದರೆ ಮಕ್ಕಳಾಟವೆಂದು ಭಾವಿಸಬಾರದು. ಪುಣೆಯ ಪ್ರಭಾತ್ ಸ್ಟುಡಿಯೋದ ಆವರಣದಲ್ಲಿ 1960ರಲ್ಲಿ ಸ್ಥಾಪಿತವಾದ ಸಂಸ್ಥೆಯಲ್ಲಿ ಗಿರೀಶ್ ಕಾಸರವಳ್ಳಿಯವರು ವಿದ್ಯಾರ್ಥಿಯಾಗಿದ್ದಾಗ ತಯಾರಿಸಿದ ‘ಅವಶೇಷ’ ಎಂಬ ಕಿರುಚಿತ್ರ ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು. ಅವರ 1977ರ ‘ಘಟಶ್ರಾದ್ಧ’ ಸ್ವರ್ಣಕಮಲವನ್ನು ತಂದಿತು. ಅದೇ ಸಂಸ್ಥೆಯಲ್ಲಿ ಓದಿದ ಮೈಸೂರಿನ ಚಿದಾನಂದ ಎಸ್. ನಾಯ್ಕ ಅವರು, ವೈದ್ಯಶಾಸ್ತ್ರವನ್ನು ಕಲಿತು ಬಂದವರು, ಕೋಳಿಯನ್ನು ಕದ್ದ ಮುದುಕಿಯ ಕನ್ನಡ ಜನಪದ ಕಥೆಯೊಂದನ್ನು 16 ನಿಮಿಷಗಳ ಚಿತ್ರವಾಗಿಸಿದರು. ಕೋಳಿ ಹೋದ ಮೇಲೆ ಊರಿನಲ್ಲಿ ಬೆಳಗಾಗುವುದೇ ಇಲ್ಲ! 2024ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಅದಕ್ಕೆ ಪ್ರಥಮ ಬಹುಮಾನ ದೊರೆಯಿತು. ಜಗತ್ತಿನ 555 ಶಾಲೆಗಳಿಂದ ಬಂದ 2263 ಚಿತ್ರಗಳಲ್ಲಿ ಆಯ್ಕೆಯಾದವು 18; ಅವುಗಳಲ್ಲಿ ಮೊದಲನೆಯದು ಕನ್ನಡದ್ದು. ಅದರ ಚಿತ್ರೀಕರಣಕ್ಕೆ ದೊರೆತ ಕಾಲ ನಾಲ್ಕೇ ದಿನವೆಂಬುದನ್ನು ಅಭ್ಯಾಸಿಗಳು ಗಮನಿಸಬೇಕು. ನಮ್ಮ ದೆಹಲಿಯಲ್ಲಿಯೇ ಇಂಥ ಶಿಕ್ಷಣ ಬೇಕೆನ್ನುವವರಿಗೆ ಜಾಮಿಯಾ ಮಿಲ್ಲಿಯಾ ವಿಶ್ವವಿದ್ಯಾಲಯದ ಸಮೂಹ ಸಂವಹನ ಕೇಂದ್ರವಿದೆ. ಅನ್ವರ್ ಜಮಾಲ್ ಕಿದ್ವಾಯಿಯವರು 1982ರಲ್ಲಿ ಅದನ್ನು ಸ್ಥಾಪಿಸಿದರು.

ಇನ್ನು ನಮ್ಮ ಚಿತ್ರದ ವಿಚಾರ. ದೆಹಲಿಗೆ ಮೊದಲು ಬಂದ ಕನ್ನಡಿಗರ ಅನುಭವವೇ ಅದರ ವಸ್ತು. 1961ರಲ್ಲಿ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರಾಗಿ ಬಂದ ಹಿರಿಯರೊಬ್ಬರು ತಮ್ಮ ಮನೆಯಲ್ಲಿ ಮಾತನಾಡಲು ಒಪ್ಪಿದರು. ಊರಿನಿಂದ ಮದರಾಸಿಗೆ ಹೋಗಿ, ಅಲ್ಲಿಂದ ಜಿ.ಟಿ. ಎಕ್ಸ್‌ಪ್ರೆಸ್ ಹಿಡಿದು ಬಂದ ಬಗೆ, ಮೊದಲ ಚಳಿಗಾಲದಲ್ಲಿ ರಜಾಯಿ ಎಂಬ ಪದಾರ್ಥವನ್ನು ಕಂಡ ಸೋಜಿಗ, ಹುರಳಿಕಾಳಿಗಾಗಿ ಅಲೆದ ಕಥೆ, ಎಲ್ಲವನ್ನೂ ಅವರು ರಸವತ್ತಾಗಿ ಹೇಳಿದರು. ಅದರೊಡನೆ ರಾಮಕೃಷ್ಣಪುರದ ಬೀದಿಗಳನ್ನೂ, ಕರ್ನಾಟಕ ಸಂಘದ ಕಟ್ಟಡವನ್ನೂ, ಮುಂಜಾವಿನ ಇಂಡಿಯಾ ಗೇಟನ್ನೂ ಹುಡುಗರು ಸೆರೆಹಿಡಿದರು.

ಮೂರು ದಿನಗಳಲ್ಲಿ 2 ಗಂಟೆ 40 ನಿಮಿಷಗಳ ದೃಶ್ಯಗಳು ಒಟ್ಟಾದವು. ಅಂದರೆ ಇಪ್ಪತ್ತು ನಿಮಿಷ ತೆಗೆದರೆ ಒಂದು ನಿಮಿಷ ಉಳಿಯಬೇಕು. ಹಿಂದಿನವರಿಗೆ ಈ ಐಶ್ವರ್ಯವಿರಲಿಲ್ಲ. 16 ಮಿಲಿಮೀಟರ್ ಫಿಲ್ಮು ನಿಮಿಷಕ್ಕೆ 36 ಅಡಿಯಂತೆ ಓಡುತ್ತದೆ. 400 ಅಡಿಯ ಒಂದು ಸುರುಳಿ ಹನ್ನೊಂದು ನಿಮಿಷಗಳಲ್ಲಿ ತೀರುತ್ತದೆ. ನಮ್ಮ ಹುಡುಗರು ದೂರವಾಣಿಯಲ್ಲಿ ತೆಗೆದಷ್ಟನ್ನು ಫಿಲ್ಮಿನಲ್ಲಿ ತೆಗೆಯಬೇಕಾದರೆ 5760 ಅಡಿ, ಹದಿನೈದು ಸುರುಳಿ ಬೇಕಾಗುತ್ತಿತ್ತು. ಅಡಿಗೊಂದು ಬೆಲೆಯಿದ್ದಾಗ ಗುಂಡಿಯನ್ನು ಒತ್ತುವ ಮೊದಲೇ ಯೋಚಿಸುತ್ತಿದ್ದರು. ಈಗ ಯೋಚನೆಯನ್ನು ಸಂಕಲನದ ಮೇಜಿಗೆ ಮುಂದೂಡಿದ್ದೇವೆ. ಆದ್ದರಿಂದ ಮೊದಲ ಕೆಲಸ ಕತ್ತರಿಸುವುದಲ್ಲ, ಪಟ್ಟಿ ಬರೆಯುವುದು. ಪ್ರತಿಯೊಂದು ತುಣುಕನ್ನೂ ಪೂರ್ತಿಯಾಗಿ ನೋಡಿ, ಅದರ ಸಂಖ್ಯೆ, ಅವಧಿ, ಹುರುಳುಗಳನ್ನು ಗುರುತುಮಾಡಬೇಕು. ಬೇಸರದ ಕೆಲಸ ನಿಜ. ಇಬ್ಬರು ವಿದ್ಯಾರ್ಥಿನಿಯರು ಅದನ್ನು ನಾಲ್ಕು ಸಂಜೆ ಕುಳಿತು ಮುಗಿಸಿದರು, ಮತ್ತು ಕೊನೆಯವರೆಗೂ ಚಿತ್ರವನ್ನು ಚೆನ್ನಾಗಿ ಬಲ್ಲವರು ಅವರೇ ಆದರು.

ಕಣ್ಣಿಗಿಂತ ಕಿವಿ ಕಠಿಣವಾದ ಪರೀಕ್ಷಕ. ಹಿರಿಯರ ಮನೆಯ ಮೇಲೆ ಪಾಲಮಿಗೆ ಇಳಿಯುವ ವಿಮಾನಗಳು ಹಾರುತ್ತಿದ್ದುವು. ವಾಕ್ಯದ ಮೊದಲರ್ಧದಲ್ಲಿ ಭೋರ್ಗರೆತವಿದ್ದು, ಜೋಡಿಸಿದ ಉತ್ತರಾರ್ಧದಲ್ಲಿ ಅದು ತಟ್ಟನೆ ಮಾಯವಾದರೆ, ಚಿತ್ರವೆಷ್ಟು ನಯವಾಗಿ ಕೂಡಿದ್ದರೂ ನೋಡುವವರು ಬೆಚ್ಚುತ್ತಾರೆ. ಅದಕ್ಕಾಗಿಯೇ ಚಿತ್ರೀಕರಣ ಮುಗಿದ ಮೇಲೆ ಯಾರೂ ಮಾತನಾಡದೆ ಅರ್ಧ ನಿಮಿಷ ಬರಿಯ ಕೋಣೆಯ ಸದ್ದನ್ನು ಮುದ್ರಿಸಿಕೊಳ್ಳಬೇಕು. ಪಂಕದ ಸದ್ದು, ದೂರದ ಕುಕ್ಕರಿನ ಸೀಟಿ, ಬೀದಿಯ ಮರ್ಮರ, ಇವೆಲ್ಲ ಸೇರಿದ ಆ ಮೌನವನ್ನು ಜೋಡಣೆಗಳ ಕೆಳಗೆ ಹಾಸಿದರೆ ಬಿರುಕು ಕೇಳಿಸದು. ಮುಂದಿನ ದೃಶ್ಯದ ಸದ್ದು ದೃಶ್ಯಕ್ಕಿಂತ ಒಂದು ಕ್ಷಣ ಮೊದಲೇ ಕೇಳಿಬರುವಂತೆ ಮಾಡುವ ಉಪಾಯವೂ ಉಂಟು. ಹಿರಿಯರು ರೈಲಿನ ಮಾತನ್ನು ಮುಗಿಸುವ ಮೊದಲೇ ಮೆಟ್ರೋದ ಸದ್ದು ಬಂದುದು ಹೀಗೆ.

ಬಹಳ ಕಾಲವನ್ನು ತೆಗೆದುಕೊಂಡುದು ಒಂದೇ ಒಂದು ಪ್ರಶ್ನೆ. “ಊರಿಗೆ ಹಿಂದಿರುಗಬೇಕೆಂದು ಅನ್ನಿಸಲಿಲ್ಲವೆ?” ಎಂದು ಕೇಳಿದಾಗ ಅವರು ಕನ್ನಡಕವನ್ನು ತೆಗೆದರು, ಕಿಟಕಿಯ ಕಡೆ ನೋಡಿದರು, 11 ಸೆಕೆಂಡು ಸುಮ್ಮನಿದ್ದರು. ಅನಂತರ “ಆ ಮನೆ ಈಗ ಇಲ್ಲ” ಎಂದರು. 11 ಸೆಕೆಂಡೆಂದರೆ ತೆರೆಯ ಮೇಲೆ ದೀರ್ಘಕಾಲ. ಒಬ್ಬ ವಿದ್ಯಾರ್ಥಿ ಅದನ್ನು 2 ಸೆಕೆಂಡಿಗೆ ಇಳಿಸಿದ. ಆಗ ಆ ಉತ್ತರ ಸಿಡುಕಿನ ಮಾತಿನಂತೆ ಕೇಳಿಸಿತು. ಇನ್ನೊಬ್ಬಳು ಮೌನದ ಮೇಲೆ ಮಲೆನಾಡಿನ ಹಂಚಿನ ಮನೆಯ ಚಿತ್ರವೊಂದನ್ನು ಹಾಕಿದಳು. ನೋಡಲು ಸೊಗಸಾಗಿತ್ತು, ಆದರೆ ಆ ಮನೆ ಅವರದಲ್ಲ. ಮೂರನೆಯವನು ರಜಾಯಿಯ ಮಾತಿನಲ್ಲಿದ್ದ ಅವರ ನಗುಮುಖವನ್ನು ತಂದು ಈ ಪ್ರಶ್ನೆಯ ಮುಂದಿಟ್ಟ. ಕುಲೆಶೊವರ ಪ್ರಯೋಗ ನಮ್ಮ ತರಗತಿಯಲ್ಲಿಯೇ ನಡೆದುಹೋಯಿತು! ಊರನ್ನು ಮರೆತು ಸುಖವಾಗಿರುವ ಮುದುಕರೊಬ್ಬರು ತೆರೆಯ ಮೇಲೆ ಕಾಣಿಸಿಕೊಂಡರು. ಮೊಝುಖಿನ್ ನಟ, ಯಾವ ಭಾವವನ್ನು ಆರೋಪಿಸಿದರೂ ಅವನಿಗೆ ನಷ್ಟವಿಲ್ಲ. ಇವರಾದರೋ ನಮಗೆ ಕಾಫಿ ಕೊಟ್ಟು, ನಂಬಿ ಮಾತನಾಡಿದವರು. ಅವರು ಕೊಡದ ಉತ್ತರವನ್ನು ಅವರ ಮುಖದಿಂದ ಹೇಳಿಸುವುದು, ಒಂದು ಅಕ್ಷರವನ್ನೂ ಬದಲಿಸದಿದ್ದರೂ, ಸುಳ್ಳೇ.

ಎರಡು ದಿನ ಚರ್ಚೆ ನಡೆದು, 11 ಸೆಕೆಂಡುಗಳನ್ನೂ ಹಾಗೆಯೇ ಇಡಬೇಕೆಂದು ಹೆಚ್ಚಿನವರು ಹೇಳಿದರು. ಮಿತಿಯೊಳಗೆ ಸ್ಥಳ ಮಾಡಲು ಇಂಡಿಯಾ ಗೇಟಿನ ಸೂರ್ಯೋದಯವನ್ನು ಬಿಡಬೇಕಾಯಿತು. ಡಿಸೆಂಬರಿನ ಮಂಜಿನಲ್ಲಿ ಐದು ಗಂಟೆಗೇ ಎದ್ದು ಅದನ್ನು ತೆಗೆದ ಹುಡುಗನಿಗೆ ಕಣ್ಣೀರು ಬಂದಿತು. ಪಟ್ಟ ಶ್ರಮವನ್ನು ನೋಡುವವರು ಅರಿಯರೆಂಬುದೂ, ಅರಿಯಬೇಕಾಗಿಲ್ಲವೆಂಬುದೂ ಸಂಕಲನದ ಮೇಜಿನಲ್ಲಿಯೇ ಕಲಿಯಬೇಕಾದ ಪಾಠ, ಹೇಳಿಕೊಟ್ಟರೆ ಬರುವುದಿಲ್ಲ.

ಚಿತ್ರವನ್ನು ಶಾಲೆಯಲ್ಲಿ ತೋರಿಸುವ ಮೊದಲು ಹಿರಿಯರಿಗೆ ತೋರಿಸಿದೆವು. ಮೌನದ ಬಗ್ಗೆ ಅವರು ಏನನ್ನೂ ಹೇಳಲಿಲ್ಲ. ತಮ್ಮನೊಡನೆ ಆಸ್ತಿ ಹಂಚಿಕೊಂಡ ವಿಷಯವಾಗಿ ತಾವು ಆಡಿದ ಒಂದು ವಾಕ್ಯವನ್ನು ಮಾತ್ರ ತೆಗೆದುಬಿಡಿರೆಂದರು. ತಮ್ಮ ಈಗಿಲ್ಲ, ಅವನ ಮಕ್ಕಳು ನೋಡಿಯಾರು ಎಂದರು. ಚಿತ್ರದಲ್ಲಿ ಎಲ್ಲಕ್ಕಿಂತ ಹರಿತವಾದ ಮಾತು ಅದೇ ಆಗಿತ್ತು. ಅಂದು ಸಂಜೆಯೇ ಹುಡುಗರು ಅದನ್ನು ತೆಗೆದು, ಆ ಎಡೆಯಲ್ಲಿ ಅವರು ಪತ್ರಿಕೆಯನ್ನು ಮಡಿಸುವ ದೃಶ್ಯವನ್ನು ಇಟ್ಟು, ಕೆಳಗೆ ಕೋಣೆಯ ಸದ್ದನ್ನು ಹಾಸಿದರು. ಚಿತ್ರ 7 ನಿಮಿಷ 48 ಸೆಕೆಂಡಿಗೆ ಇಳಿಯಿತು. ಸೂರ್ಯೋದಯವನ್ನು ಮತ್ತೆ ಸೇರಿಸಬಹುದಲ್ಲವೆ ಎಂದು ಒಬ್ಬರು ಕೇಳಿದರು. ಅದನ್ನು ತೆಗೆದಿದ್ದ ಹುಡುಗನೇ ಬೇಡವೆಂದ.