ಫೋನಿನೊಳಗಿನ ಅಡಿಕೆ ಲೆಕ್ಕ

ಎರಡು ಮಳೆಗಾಲದ ಹಿಂದೆ ಬೋರ್ಡೋ ದ್ರಾವಣ ತಯಾರಿಸುವಾಗ ಅಂಗಿಯ ಕಿಸೆಯಿಂದ ನನ್ನ ಫೋನು ಡ್ರಮ್ಮಿಗೆ ಬಿತ್ತು. ಫೋನು ಹೋದದ್ದು ಹೋಯಿತು, ಅದರೊಳಗೆ ಮೂರು ವರ್ಷದ ಅಡಿಕೆ ಮಾರಾಟದ ಲೆಕ್ಕವೂ ಹೋಯಿತು. ತೋಟ ನನ್ನದೂ ತಮ್ಮನದೂ ಜಂಟಿ. ಆತ ಇರುವುದು ಪರವೂರಿನಲ್ಲಿ. ಒಂದು ಮಾತೂ ಕೇಳಲಿಲ್ಲ, ಆದರೆ ತೋರಿಸಲು ಕೈಯಲ್ಲಿ ಏನೂ ಇಲ್ಲದಿದ್ದರೆ ಹೇಗಾಗುತ್ತದೆ ಹೇಳಿ ಮಾರಾಯ್ರೆ! ಅರ್ಧದಷ್ಟು ಚೀಟಿ ಸಿಕ್ಕಿತು. ಉಳಿದದ್ದನ್ನು ಅಂಗಡಿಯವರ ಪುಸ್ತಕ ನೋಡಿ ಬರೆದುಕೊಂಡೆ.

ಈಗ ತಿಂಗಳಿಗೊಮ್ಮೆ ಲೆಕ್ಕವನ್ನು ಆ್ಯಪ್‌ನಿಂದ ಹೊರಗೆ ತೆಗೆಯುತ್ತೇನೆ. ಮೆನುವಿನಲ್ಲಿ 'ಎಕ್ಸ್‌ಪೋರ್ಟ್' ಒತ್ತಿದರೆ ಸಿಎಸ್‌ವಿ ಫೈಲು ಬರುತ್ತದೆ. ಅದು ಬರೇ ಅಕ್ಷರ, ಅಂಕಿಗಳ ಫೈಲು. ಒಂದು ಮಾರಾಟಕ್ಕೆ ಒಂದು ಸಾಲು. ತಾರೀಕು, ಬಗೆ, ಕಿಲೋ, ಧಾರಣೆ, ಕಡಿತ, ಕೈಗೆ ಬಂದ ಹಣ, ಇವುಗಳ ನಡುವೆ ಒಂದೊಂದು ಅಲ್ಪವಿರಾಮ. ನಾಳೆ ಆ್ಯಪ್ ನಿಂತುಹೋದರೂ ಇದನ್ನು ಯಾವ ಕಂಪ್ಯೂಟರಿನಲ್ಲೂ ಓದಬಹುದು. ಹಣವನ್ನು ಆ್ಯಪ್‌ಗೆ ಬರೆಯುವಾಗ ಮಾತ್ರ 42,500 ಎಂದು ಬರೆಯದೆ 42500 ಎಂದೇ ಬರೆಯಿರಿ. ಇಲ್ಲದಿದ್ದರೆ ಕೆಲವು ಸಲ ಅದೇ ಎರಡು ಕಾಲಂ ಆಗಿಬಿಡುತ್ತದೆ.

ತೊಂದರೆ ಇರುವುದು ಫೈಲು ತೆರೆಯುವಲ್ಲಿ. ಮೊದಲ ಸಲ ಎಕ್ಸೆಲ್‌ನಲ್ಲಿ ನೇರ ತೆರೆದೆ. 'ಹಳೆ ಚಾಲಿ' ಎಂದಿದ್ದಲ್ಲಿ ಏನೇನೋ ಗೀಚು. ಅದಾದರೂ ಕಣ್ಣಿಗೆ ಕಾಣುತ್ತದೆ. ಕಾಣದೆ ಕೆಡುವುದು ತಾರೀಕು. ಆ ಕಂಪ್ಯೂಟರಿನಲ್ಲಿ ಅಮೆರಿಕದ ಕ್ರಮ, ತಿಂಗಳು ಮೊದಲು, ದಿನ ಆಮೇಲೆ. ಏಪ್ರಿಲ್ 3ರ ಮಾರಾಟ, ಅಂದರೆ 03/04, ಮಾರ್ಚ್ 4 ಆಗಿ ಹಿಂದಿನ ಹಣಕಾಸು ವರ್ಷಕ್ಕೆ ಸೇರಿಬಿಟ್ಟಿತು! 13ರಿಂದ ಮೇಲಿನ ದಿನಗಳನ್ನಂತೂ ಅದು ತಾರೀಕೆಂದೇ ಒಪ್ಪಲಿಲ್ಲ.

ನಾನೀಗ ಬಳಸುವುದು ಲಿಬ್ರೆಆಫೀಸ್ ಕ್ಯಾಲ್ಕ್. ದುಡ್ಡು ಕೊಡಬೇಕಾಗಿಲ್ಲ. ಸಿಎಸ್‌ವಿ ತೆರೆಯುವಾಗ ಅದೇ ಒಂದು ಕಿಟಕಿ ತೋರಿಸುತ್ತದೆ. ಅಲ್ಲಿ ಅಕ್ಷರಕ್ಕೆ 'ಯುಟಿಎಫ್-8' ಆರಿಸಬೇಕು. ತಾರೀಕಿನ ಕಾಲಂ ಮೇಲೆ ಒತ್ತಿ 'ಡೇಟ್ (ಡಿಎಂವೈ)' ಎನ್ನಬೇಕು. ಆಮೇಲೆ ಸಾಲುಗಳ ಸಂಖ್ಯೆ, ಒಟ್ಟು ಕಿಲೋ, ಎರಡನ್ನೂ ಆ್ಯಪ್ ಜತೆ ತಾಳೆ ನೋಡುತ್ತೇನೆ. ಒಟ್ಟು ಸರಿಯಾದರೂ ತಾರೀಕು ತಪ್ಪಿರಬಹುದು. ಹಾಗಾಗಿ ತಿಂಗಳ ಮೊದಲ ಹನ್ನೆರಡು ದಿನಗಳೊಳಗಿನ ಎರಡು ಚೀಟಿ ಹಿಡಿದು ನೋಡುವುದು ಒಳ್ಳೆಯದು.

ಡ್ರೈವ್‌ನಲ್ಲಿ ಇಟ್ಟರೆ ಸಾಕಲ್ಲ ಎನ್ನುವವರಿದ್ದಾರೆ. ಒಂದೇ ಫೈಲನ್ನು ತಿದ್ದುತ್ತ ಹೋದರೆ ನಮ್ಮ ತಪ್ಪೂ ಅಲ್ಲಿಗೇ ಹೋಗಿ ಕೂರುತ್ತದೆ. ನಾನು ತಿಂಗಳಿಗೊಂದು ಹೊಸ ಫೈಲು ಮಾಡುತ್ತೇನೆ. ಹೆಸರಿನಲ್ಲಿ ವರ್ಷ ಮೊದಲು, ಆಮೇಲೆ ತಿಂಗಳು. ಆಗ ಸಾಲಾಗಿ ತಾವೇ ನಿಲ್ಲುತ್ತವೆ. ಆ್ಯಪ್ ಕೊಟ್ಟ ಸಿಎಸ್‌ವಿಯನ್ನು ಮುಟ್ಟುವುದಿಲ್ಲ, ಕೂಡಿಸಿ ಕಳೆಯುವುದೆಲ್ಲ ಅದರ ನಕಲಿನಲ್ಲಿ. ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿ, ಇನ್ನೊಂದು ತಮ್ಮನಿಗೆ ಇಮೇಲ್. ಚೀಟಿಯ ಫೋಟೋ ಸಿಎಸ್‌ವಿಯಲ್ಲಿ ಬರುವುದಿಲ್ಲ, ಅದನ್ನು ಬೇರೆಯೇ ನಕಲು ಮಾಡಬೇಕು.

ಮೊನ್ನೆ ತಮ್ಮ ಫೋನು ಮಾಡಿದ್ದ. ಒಂದೇ ಚೀಟಿಯನ್ನು ನಾನು ಎರಡು ಸಲ ಬರೆದದ್ದು ಅವನ ಕಣ್ಣಿಗೆ ಬಿದ್ದಿತ್ತು.