ದಂತವೈದ್ಯರ ಮಾತು ನಮಗೆ ಅರ್ಥವಾಗಬೇಕು

‘ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಆದರೆ ಹಲ್ಲು ಹೋಗುವುದು ಮುಪ್ಪಿನ ನಿಯಮವೆಂದು ಭಾವಿಸಬೇಕಾಗಿಲ್ಲ. ಹಲ್ಲು ಕಳೆದುಕೊಳ್ಳಲು ಮುಖ್ಯ ಕಾರಣಗಳಾದ ಹುಳುಕು ಮತ್ತು ವಸಡಿನ ರೋಗ ಇವೆರಡನ್ನೂ ಬಹುಮಟ್ಟಿಗೆ ತಡೆಯಬಹುದು. ಅದಕ್ಕೆ ಹಣಕ್ಕಿಂತ ಮೊದಲು ಬೇಕಾದುದು ತಿಳುವಳಿಕೆ. ವೈದ್ಯರು ಹೇಳಿದ್ದನ್ನು ಗ್ರಹಿಸಿ, ಸಂಶಯವಿದ್ದರೆ ಕೇಳಿ, ಸಕಾಲದಲ್ಲಿ ನಿರ್ಧಾರ ಕೈಗೊಳ್ಳುವ ಈ ಶಕ್ತಿಗೆ ‘ಬಾಯಿಯ ಆರೋಗ್ಯ ಸಾಕ್ಷರತೆ’ ಎಂದು ಹೆಸರು. 2007ರಲ್ಲಿ ಅಮೆರಿಕದ ಸಂಶೋಧಕರು ಇದನ್ನು ಅಳೆಯಲು ದಂತವೈದ್ಯಕ್ಕೆ ಸಂಬಂಧಿಸಿದ 30 ಪದಗಳ ಪರೀಕ್ಷೆಯೊಂದನ್ನು ರೂಪಿಸಿದರು. ಶಾಲಾ ಸಾಕ್ಷರತೆಯೂ ಇದೂ ಒಂದೇ ಅಲ್ಲ. ಪದವೀಧರರೂ ಈ ವಿಷಯದಲ್ಲಿ ನಿರಕ್ಷರರಾಗಿರಬಹುದು.

36ನೆಯ ಹಲ್ಲು ಎಲ್ಲಿದೆ?

ದಂತವೈದ್ಯರ ಚೀಟಿಯಲ್ಲಿ ‘36 – ಆರ್.ಸಿ.ಟಿ.’ ಎಂದು ಬರೆದಿರುತ್ತದೆ. ಮನುಷ್ಯನಿಗಿರುವುದೇ 32 ಹಲ್ಲು. 36ನೆಯದು ಎಲ್ಲಿಂದ ಬಂತೆಂದು ರೋಗಿ ಬೆರಗಾಗುತ್ತಾನೆ, ಆದರೆ ಕೇಳುವುದಿಲ್ಲ. ಇದು ಎಣಿಕೆಯಲ್ಲ, ಹಲ್ಲಿನ ವಿಳಾಸ. ಬಾಯಿಯನ್ನು ನಾಲ್ಕು ಭಾಗ ಮಾಡಿ, ರೋಗಿಯ ಮೇಲಿನ ಬಲಭಾಗಕ್ಕೆ 1, ಮೇಲಿನ ಎಡಕ್ಕೆ 2, ಕೆಳಗಿನ ಎಡಕ್ಕೆ 3, ಕೆಳಗಿನ ಬಲಕ್ಕೆ 4 ಎಂದು ಸಂಖ್ಯೆ ಕೊಡುತ್ತಾರೆ. ಎರಡನೆಯ ಅಂಕಿಯು ಮುಂಭಾಗದ ನಡುವಿನಿಂದ ಹಿಂದಕ್ಕೆ ಎಷ್ಟನೆಯ ಹಲ್ಲೆಂಬುದನ್ನು ತಿಳಿಸುತ್ತದೆ. 36 ಎಂದರೆ ಕೆಳಗಿನ ಎಡಭಾಗದ ಆರನೆಯದು, ಅಂದರೆ ಮೊದಲನೆಯ ಶಾಶ್ವತ ದವಡೆಹಲ್ಲು. ಆರ್.ಸಿ.ಟಿ. ಎಂದರೆ ರೋಗ ತಗುಲಿದ ತಿರುಳನ್ನು ತೆಗೆದು, ಬೇರಿನ ನಾಳಗಳನ್ನು ಶುದ್ಧಿಮಾಡಿ ತುಂಬಿ, ಹಲ್ಲನ್ನು ಉಳಿಸುವ ರೂಟ್ ಕೆನಾಲ್ ಚಿಕಿತ್ಸೆ.

ಈ ದವಡೆಹಲ್ಲು ಸುಮಾರು ಆರನೆಯ ವಯಸ್ಸಿನಲ್ಲಿ, ಯಾವ ಹಾಲುಹಲ್ಲನ್ನೂ ಬೀಳಿಸದೆ, ಅವುಗಳ ಹಿಂದೆ ಮೂಡುತ್ತದೆ. ಇದನ್ನೂ ಹಾಲುಹಲ್ಲೆಂದೇ ತಿಳಿದು, ‘ಬಿದ್ದು ಬೇರೆ ಬರುತ್ತದೆ’ ಎಂದು ತಂದೆತಾಯಿಗಳು ಉದಾಸೀನ ಮಾಡುವುದುಂಟು. ಅದು ಹೋದರೆ ಮತ್ತೆ ಬಾರದು.

ನೋವಿಲ್ಲವೆಂದರೆ ರೋಗವಿಲ್ಲವೆಂದಲ್ಲ

ಹಲ್ಲಿನ ಹೊರಕವಚವಾದ ಎನಾಮಲ್ ದೇಹದಲ್ಲೇ ಅತ್ಯಂತ ಗಟ್ಟಿಯಾದ ವಸ್ತು. ಆದರೆ ಅದರಲ್ಲಿ ನರಗಳಿಲ್ಲ. ಬಾಯಿಯ ಬ್ಯಾಕ್ಟೀರಿಯಗಳು ಸಕ್ಕರೆಯನ್ನು ಆಮ್ಲವಾಗಿ ಮಾರ್ಪಡಿಸಿ ಅದನ್ನು ಕರಗಿಸುವಾಗ ನೋವು ತಿಳಿಯುವುದಿಲ್ಲ. ನೋವು ಕಾಣಿಸಿಕೊಳ್ಳುವ ವೇಳೆಗೆ ಹುಳುಕು ಒಳಗಿಳಿದಿರುತ್ತದೆ. ತೀರಿಸದ ಸಾಲಕ್ಕೆ ಚಕ್ರಬಡ್ಡಿ ಬೆಳೆಯುವಂತೆ ಇಲ್ಲಿಯೂ ವೆಚ್ಚ ಬೆಳೆಯುತ್ತದೆ: ಮೊದಲು ಒಂದು ಭೇಟಿಯಲ್ಲಿ ಮುಗಿಯುವ ಫಿಲ್ಲಿಂಗ್, ಅನಂತರ ರೂಟ್ ಕೆನಾಲ್ ಮತ್ತು ಕ್ಯಾಪ್, ಕೊನೆಗೆ ಕೀಳಿಸಿ ಕೃತಕ ಹಲ್ಲು.

ಹಲ್ಲುಜ್ಜುವಾಗ ಬರುವ ರಕ್ತವೂ ಸಾಮಾನ್ಯವಾಗಿ ವಸಡಿನ ರೋಗದ ಸೂಚನೆ. ಮಧುಮೇಹಿಗಳಲ್ಲಿ ಇದು ಉಲ್ಬಣಿಸುತ್ತದೆ. ವಸಡಿನ ರೋಗವಿದ್ದರೆ ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವುದೂ ಕಷ್ಟವಾಗುತ್ತದೆ. ತಂಬಾಕು, ಗುಟ್ಕಾ, ಅಡಿಕೆ, ಮಿಶ್ರಿ ಬಳಸುವವರ ಬಾಯಲ್ಲಿ ಬಿಳಿಯ ಅಥವಾ ಕೆಂಪು ಮಚ್ಚೆ ಕಂಡರೆ, ಯಾರಿಗೇ ಆಗಲಿ ಎರಡು ವಾರ ಕಳೆದರೂ ಮಾಯದ ಹುಣ್ಣಿದ್ದರೆ, ನೋವಿಲ್ಲದಿದ್ದರೂ ಕೂಡಲೇ ತೋರಿಸಬೇಕು. ಅದು ಕ್ಯಾನ್ಸರಿನ ಮುನ್ಸೂಚನೆಯಾಗಿರಬಹುದು.

ಭಾಷೆಯ ತೊಡಕು

ಊರಿನಿಂದ ಬಂದ ವೃದ್ಧ ತಾಯಿತಂದೆಯರನ್ನು ಮುಂಬಯಿಯಲ್ಲಿ ವೈದ್ಯರ ಬಳಿ ಕರೆದೊಯ್ಯುವವರು ಅವರ ಮಾತನ್ನು ‘ಹಲ್ಲುನೋವು’ ಎಂಬ ಒಂದೇ ಪದಕ್ಕೆ ಇಳಿಸಬಾರದು. ತಣ್ಣೀರು ತಗುಲಿದಾಗ ಕ್ಷಣಕಾಲ ಜುಮ್ಮೆನ್ನುವುದು ಬೇರೆ. ರಾತ್ರಿ ಮಲಗಿದಾಗ ತಾನಾಗಿಯೇ ಎದ್ದು ಬಹುಕಾಲ ಮಿಡಿಯುವ ನೋವು ಬೇರೆ. ಮೊದಲನೆಯದಕ್ಕೆ ಹಲವೊಮ್ಮೆ ಸರಳ ಚಿಕಿತ್ಸೆ ಸಾಕು. ಎರಡನೆಯದು ತಿರುಳಿಗೇ ಬಾಧೆ ತಗುಲಿದುದರ ಲಕ್ಷಣ. ಎಂದಿನಿಂದ, ಯಾವಾಗ, ಎಷ್ಟು ಹೊತ್ತು ಎಂಬುದನ್ನು ಮನೆಯಲ್ಲಿಯೇ ಕನ್ನಡದಲ್ಲಿ ಕೇಳಿ ಬರೆದುಕೊಂಡು ಹೋಗುವುದು ಉತ್ತಮ.

ಬಿಡಬೇಕಾದ ನಂಬಿಕೆಗಳು

ಮೇಲಿನ ಹಲ್ಲು ಕೀಳಿಸಿದರೆ ದೃಷ್ಟಿ ಮಂದವಾಗುತ್ತದೆಂಬುದು ನಿರಾಧಾರ. ಸ್ಕೇಲಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆಂಬುದೂ ತಪ್ಪು. ಸಂದುಗಳಲ್ಲಿ ಗಟ್ಟಿಗೊಂಡಿದ್ದ ಗಾರೆ ಹೋದಾಗ, ರೋಗವು ಮೊದಲೇ ಉಂಟುಮಾಡಿದ್ದ ಎಡೆ ಕಾಣಿಸುತ್ತದೆ, ಅಷ್ಟೆ. ಕೋಲಾರ, ರಾಯಚೂರು ಮುಂತಾದ ಕಡೆಗಳ ಅಂತರ್ಜಲದಲ್ಲಿ ಫ್ಲೋರೈಡ್ ಅಧಿಕವಿರುವುದರಿಂದ ಅಲ್ಲಿ ಬಾಲ್ಯ ಕಳೆದ ಕೆಲವರ ಹಲ್ಲುಗಳಲ್ಲಿ ಕಂದು ಕಲೆಗಳಿರುತ್ತವೆ. ಅದು ಕೊಳೆಯಲ್ಲ, ಇದ್ದಿಲು, ಇಟ್ಟಿಗೆ ಪುಡಿಯಿಂದ ತಿಕ್ಕಿದರೆ ಹಲ್ಲು ಸವೆಯುವುದೇ ವಿನಾ ಕಲೆ ಹೋಗದು.

ವೈದ್ಯರನ್ನು ಕೇಳಬೇಕಾದುವು

1. ಯಾವ ಹಲ್ಲು, ಏನಾಗಿದೆ? ಎಕ್ಸ್-ರೇಯಲ್ಲಿ ತೋರಿಸುವಿರಾ?
2. ಬೇರೆ ಯಾವ ಚಿಕಿತ್ಸೆಗಳಿವೆ? ಈಗ ಬಿಟ್ಟರೆ ಏನಾದೀತು?
3. ಒಟ್ಟು ಎಷ್ಟು ಭೇಟಿ, ಕ್ಯಾಪ್ ಸೇರಿ ಎಷ್ಟು ವೆಚ್ಚ?
4. ಮನೆಯಲ್ಲಿ ನಾನು ಮಾಡಬೇಕಾದುದೇನು?

ಸಾಲದ ಕರಾರನ್ನು ಓದದೆ ಸಹಿ ಮಾಡುವವನು ಅವಿವೇಕಿ ಎನ್ನುತ್ತೇವೆ. ಚಿಕಿತ್ಸೆಯ ಒಪ್ಪಿಗೆ ಪತ್ರಕ್ಕೂ ಅದೇ ಮಾತು. ಮಧುಮೇಹ, ರಕ್ತದೊತ್ತಡ, ಹೃದ್ರೋಗ, ಗರ್ಭಾವಸ್ಥೆ, ಔಷಧಿಯ ಅಲರ್ಜಿ ಯಾವುದಿದ್ದರೂ ಮೊದಲೇ ತಿಳಿಸಬೇಕು. ರಕ್ತ ತೆಳುವಾಗಿಸುವ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಕೂಡದು.

ಫ್ಲೋರೈಡ್ ಇರುವ ಪೇಸ್ಟಿನಿಂದ ದಿನಕ್ಕೆರಡು ಬಾರಿ, ಎರಡೆರಡು ನಿಮಿಷ ಉಜ್ಜುವುದು, ಸಿಹಿಯನ್ನು ಪದೇ ಪದೇ ತಿನ್ನದಿರುವುದು, ವೈದ್ಯರು ಸೂಚಿಸಿದ ಅವಧಿಗೊಮ್ಮೆ ತಪಾಸಣೆ ಮಾಡಿಸುವುದು – ಇಷ್ಟು ನಮ್ಮ ಕೈಯಲ್ಲಿದೆ. ಚಿಕಿತ್ಸಾಲಯದಿಂದ ಹೊರಡುವ ಮುನ್ನ, ವೈದ್ಯರು ಹೇಳಿದ್ದನ್ನು ನಮ್ಮ ಮಾತಿನಲ್ಲಿ ಒಮ್ಮೆ ಅವರಿಗೇ ಹೇಳಿ ನೋಡೋಣ. ತಪ್ಪಿದ್ದರೆ ಅವರು ತಿದ್ದುತ್ತಾರೆ. ಇದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ.